ಒಂದು ‘ಕರೆ’, ನಾಲ್ಕು ಅರ್ಥ: ಹೀಗೇಕೆ?

ಪ್ರಶ್ನೆ: ನನ್ನ ಮಗಳು ಐದನೇ ಕ್ಲಾಸು. ಕನ್ನಡ ನೋಟ್ಸಿನಲ್ಲಿ ‘ನಾನಾರ್ಥ ಪದಗಳು’ ಅಂತ ಒಂದು ಪಟ್ಟಿ ಬರೆಸಿದ್ದಾರೆ. ಕರೆ ಎಂದರೆ ಕೂಗು, ದಡ, ಕಲೆ, ಹಾಲು ಹಿಂಡು. ಹತ್ತು ಎಂದರೆ ಸಂಖ್ಯೆ, ಏರು. ಹರಿ ಎಂದರೆ ವಿಷ್ಣು, ಸೀಳು, ನೀರು ಸಾಗು. ಬಾಯಿಪಾಠ ಮಾಡುತ್ತಾ ಅವಳು ಕೇಳಿದಳು: “ಅಮ್ಮಾ, ಕೂಗೋದಕ್ಕೂ ಹಾಲಿಗೂ ಏನು ಸಂಬಂಧ? ಪದ ಸಾಲದೆ ಒಂದನ್ನೇ ಎಲ್ಲದಕ್ಕೂ ಇಟ್ಟುಬಿಟ್ರಾ?” ನನಗೆ ಉತ್ತರ ಹೊಳೆಯಲಿಲ್ಲ. ಆಫೀಸಿನಲ್ಲಿ ಕನ್ನಡ ಕಲಿಯುತ್ತಿರುವ ಗೆಳತಿಯೂ ಇದನ್ನೇ ಕೇಳುತ್ತಾಳೆ. ಇವಕ್ಕೆಲ್ಲ ಮೂಲ ಒಂದೇನಾ? ನಮ್ಮ ಊರಿನ ಜಾಗಗಳ ಹೆಸರೂ ಹೀಗೇ ಇದೆಯಲ್ಲ, ತಾವರೆಕೆರೆ ಎರಡು, ವಿಜಯನಗರ ಮೂರು. ಮಗುವಿಗೆ ಏನಂತ ಹೇಳಲಿ?
— ಒಬ್ಬ ಓದುಗರು, ಬಸವನಗುಡಿ

ಉತ್ತರ:

ನಿಮ್ಮ ಮಗಳು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ ಮೇಡಂ. ಕೂಗುವುದಕ್ಕೂ ಹಾಲಿಗೂ ಯಾವ ಸಂಬಂಧವೂ ಇಲ್ಲ. ಇಲ್ಲದ ಸಂಬಂಧ ಹುಡುಕಿ ತಲೆ ಕೆಡಿಸಿಕೊಳ್ಳಬೇಡ ಅಂತ ಮೊದಲು ಅವಳಿಗೆ ಹೇಳಿ.

ತೊಡಕಿರುವುದು ‘ನಾನಾರ್ಥ ಪದ’ ಎಂಬ ತಲೆಬರಹದಲ್ಲಿ. ಪದ ಒಂದೇ, ಅರ್ಥ ನಾಲ್ಕು ಅಂತ ಅದು ನಂಬಿಸುತ್ತದೆ. ಆದರೆ ಆ ಪಟ್ಟಿಯಲ್ಲಿರುವ ‘ಕರೆ’ ನಾಲ್ಕು ಬೇರೆ ಬೇರೆ ಪದ. ಒಂದೊಂದು ಒಂದೊಂದು ದಾರಿಯಲ್ಲಿ ಬಂದದ್ದು. ನೂರಾರು ವರ್ಷ ಜನರ ಬಾಯಲ್ಲಿ ಸವೆದು ಸವೆದು ಈಗ ಒಂದೇ ರೂಪಕ್ಕೆ ಬಂದು ನಿಂತಿವೆ. ಒಂದೇ ಬೀದಿಯಲ್ಲಿ ನಾಲ್ಕು ಜನ ಮಂಜುನಾಥ ಇರುತ್ತಾರೆ. ಹಾಗಂತ ಅವರನ್ನು ಅಣ್ಣತಮ್ಮಂದಿರು ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಪದಗಳ ಕಥೆಯೂ ಅಷ್ಟೇ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಬೆಂಗಳೂರಿನಲ್ಲಿ ಇರುವ ನಿಮಗೆ ಪರೀಕ್ಷೆ ಮಾಡಿ ನೋಡುವುದು ಸುಲಭ. ನಿಮ್ಮ ಆಫೀಸಿನಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ಮಲಯಾಳಿ ಇದ್ದೇ ಇರುತ್ತಾರೆ. ನೀರಿನ ದಡಕ್ಕೆ ನಿಮ್ಮಲ್ಲಿ ಏನು ಅನ್ನುತ್ತೀರಿ ಅಂತ ಕೇಳಿ. ‘ಕರ’ ಅನ್ನುತ್ತಾರೆ. ಬಟ್ಟೆಯ ಮೇಲಿನ ಕಲೆಗೆ? ‘ಕಱ’ ಅನ್ನುತ್ತಾರೆ (ಱ ಎಂದರೆ ಗಡಸು ರ, ಹಳಗನ್ನಡದಲ್ಲಿದ್ದ ಅಕ್ಷರ). ಕಿವಿಗೊಟ್ಟು ಕೇಳಿ, ಎರಡು ಬೇರೆ ಬೇರೆ ದನಿ. ಮೊದಲನೆಯದು ಹಗುರ, ಎರಡನೆಯದು ಗಡಸು. ಹಾಲು ಕರೆಯುವುದಕ್ಕೂ ಅವರದು ಆ ಗಡಸು ದನಿಯೇ.

ನಮ್ಮಲ್ಲೂ ಇದ್ದದ್ದು ಹಾಗೇ. ಹಳಗನ್ನಡದಲ್ಲಿ ಕೂಗುವುದೂ ‘ಕರೆ’, ದಡವೂ ‘ಕರೆ’. ಹಾಲಿನದು ‘ಕಱೆ’, ಕಲೆಯದೂ ‘ಕಱೆ’. ಆಗಲೂ ನಾಲ್ಕರ ದನಿ ಪೂರ್ತಿ ಬೇರೆ ಬೇರೆ ಇರಲಿಲ್ಲ, ಎರಡು ಜೋಡಿ ಇತ್ತು. ಆಮೇಲೆ ಜನ ಱ ಅನ್ನು ರ ಅಂತಲೇ ಉಚ್ಚರಿಸತೊಡಗಿದರು. ಬಾಯಿಂದ ಹೋದ ಅಕ್ಷರ ನಿಧಾನವಾಗಿ ಬರವಣಿಗೆಯಿಂದಲೂ ಹೋಯಿತು. ಎರಡು ಜೋಡಿ ಸೇರಿ ಒಂದೇ ಗುಂಪಾಯಿತು. ಈಗ ಮಗುವಿನ ನೋಟ್ಸಿನಲ್ಲಿ ಒಂದೇ ಸಾಲಿನಲ್ಲಿ ಕೂತಿವೆ.

ಇದೇ ಱ ಇನ್ನೂ ಎಷ್ಟೋ ಪದಗಳಲ್ಲಿ ಇತ್ತು. ಮನೆಗೆ ಬಂದವರಿಗೆ “ಇಲ್ಲೇ ಇರಿ” ಅನ್ನುತ್ತೇವೆ. “ಚಾಕುವಿನಿಂದ ಇರಿದ” ಅಂತ ಪೇಪರಿನಲ್ಲಿ ಓದುತ್ತೇವೆ. ಮೊದಲನೆಯದು ‘ಇರು’ ಎಂಬುದರ ಮರ್ಯಾದೆಯ ರೂಪ. ಎರಡನೆಯದು ‘ಇಱಿ’. ವೀರಗಲ್ಲುಗಳ ಮೇಲೆ ‘ತಳ್ತಿಱಿದು’ ಅಂತ ಬರುತ್ತದೆ, ಎದುರಾಳಿಯ ಮೇಲೆ ಬಿದ್ದು ಇರಿದು ಎಂದು. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ಇದೆ. ಆನೆ, ಕುದುರೆ, ಬಿಲ್ಲಾಳುಗಳು ಒತ್ತೊತ್ತಾಗಿ ತುಂಬಿರುವ ಕಲ್ಲು. ಮಗಳನ್ನು ಒಂದು ಭಾನುವಾರ ಕರೆದುಕೊಂಡು ಹೋಗಿ, ‘ಇಱಿ’ ಎಂಬ ಪದ ಏನು ಮಾಡುತ್ತಿತ್ತು ಅಂತ ಆ ಚಿತ್ರದಲ್ಲೇ ತೋರಿಸಬಹುದು.

ಱ ಒಂದೇ ಅಲ್ಲ, ೞ ಎಂಬ ಇನ್ನೊಂದು ಅಕ್ಷರವನ್ನೂ ನಾವು ಕಳೆದುಕೊಂಡಿದ್ದೇವೆ. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಯಲ್ಲಿ ನಾಲಿಗೆ ಮಡಚಿ ಹೇಳುತ್ತಾರಲ್ಲ, ಅದೇ ದನಿ. ನಮ್ಮಲ್ಲಿ ಅದು ಹೆಚ್ಚಿನ ಕಡೆ ಳ ಆಯಿತು. ‘ಬಾಳು’ ಎಂದರೆ ಈಗ ನಮಗೆ ಬದುಕು. ಹಳಗನ್ನಡದಲ್ಲಿ ‘ಬಾೞ್’ ಬದುಕು, ‘ಬಾಳ್’ ಕತ್ತಿ. ತಮಿಳಿನಲ್ಲಿ ಇವತ್ತಿಗೂ ವಾೞ್, ವಾಳ್ ಅಂತ ಬೇರೆ ಬೇರೆಯಾಗಿಯೇ ಇವೆ. ಕನ್ನಡದಲ್ಲಿ ಬದುಕೂ ಕತ್ತಿಯೂ ಒಂದೇ ದನಿಗೆ ಬಂದುಬಿಟ್ಟವು.

ಈ ಗೊಂದಲ ಇವತ್ತಿನದಲ್ಲ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎಲ್ಲಿ ೞ, ಎಲ್ಲಿ ಳ ಅಂತ ಬರೆಯುವವರಿಗೆ ಆಗಲೇ ತಿಳಿಹೇಳಬೇಕಾಗಿತ್ತು. ಆ ಪಟ್ಟಿ ಇದ್ದದ್ದರಿಂದ ನಮ್ಮಂಥವರ ಕೆಲಸ ಎಷ್ಟು ಹಗುರವಾಗಿದೆ ಅಂದರೆ, ಅವನಿಗೆ ನಾನು ದಿನವೂ ಕೃತಜ್ಞ.

ಹಾಗೇ ಒಂದು ಪಕ್ಕದ ಮಾತು. ಈ ಎರಡೂ ಅಕ್ಷರ ನಿಮ್ಮ ಮೊಬೈಲಿನಲ್ಲಿ ಮೂಡುತ್ತವೆ, ಯಾಕೆಂದರೆ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಅವಕ್ಕೆ ಜಾಗ ಇದೆ. ಆದರೆ ೞ ಅಕ್ಷರಕ್ಕೆ ಅಲ್ಲಿ ತಪ್ಪಿ ‘ಫ’ ಅಂತ ಹೆಸರು ಕೊಟ್ಟಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಹೆಸರು ಹಾಗೇ ಉಳಿದಿದೆ, ಅದು ತಪ್ಪು ಅನ್ನುವ ಟಿಪ್ಪಣಿಯೊಂದು ಜೊತೆಗಿದೆ.

ಅಕ್ಷರ ಹೋಗದೆಯೂ ಪದಗಳು ಒಂದಾಗುತ್ತವೆ. ಪಟ್ಟಿಯಲ್ಲಿರುವ ‘ಹತ್ತು’ ಹಾಗೆ ಆದದ್ದು. ಸಂಖ್ಯೆಗೆ ತಮಿಳಿನಲ್ಲಿ ಪತ್ತು. ಹಿಡಿ, ಅಂಟಿಕೋ ಎಂಬುದಕ್ಕೆ ಪಱ್ಱು. ನಮ್ಮಲ್ಲಿ ಆ ಱ್ಱು ತ್ತು ಆಯಿತು, ಆಗ ಎರಡೂ ‘ಪತ್ತು’. ಆಮೇಲೆ ಪಕಾರ ಹಕಾರವಾಗಿ ಎರಡೂ ‘ಹತ್ತು’. ಬೆಂಕಿ ಹತ್ತುವುದು, ತಳ ಹತ್ತುವುದು, ಮರ ಹತ್ತುವುದು, ಇವುಗಳಲ್ಲೆಲ್ಲ ಇರುವುದು ಹಿಡಿದುಕೊಳ್ಳುವ ಆ ಎರಡನೆಯ ಪದ. ‘ಮುತ್ತು’ ಕೂಡ ಇದೇ ದಾರಿಯದು. ಸರದ ಮುತ್ತು ಬೇರೆ, ಬೆಲ್ಲಕ್ಕೆ ಇರುವೆ ಮುತ್ತುವುದು ಬೇರೆ. ಮುತ್ತಿಗೆ ಎಂಬ ಪದ ಹುಟ್ಟಿದ್ದು ಎರಡನೆಯದರಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ‘ನೆನೆ’. ಅದನ್ನು ನಾನು ಕಂಡದ್ದು ಅಡುಗೆಮನೆಯಲ್ಲಿ. ಅವರೆಕಾಯಿಯ ಕಾಲ ಮುಗಿದಿತ್ತು. ಒಣ ಅವರೆಕಾಳಿನ ಸಾರು ಮಾಡೋಣ ಅಂತ ನನ್ನ ಹೆಂಡತಿ ರಾತ್ರಿ ಮಲಗುವ ಮುಂಚೆ ಕೇಳಿದಳು, “ಕಾಳು ನೆನೆಹಾಕಿದ್ರಾ?” ನಾನು “ಅಯ್ಯೋ, ನೆನಪೇ ಆಗ್ಲಿಲ್ಲ” ಅಂದೆ. ಹೇಳಿದ ಮೇಲೆ ಪಾತ್ರೆ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಒಂದೇ ಉಸಿರಿನಲ್ಲಿ ಎರಡೂ ಬಂದಿದ್ದವು. ಕಾಳು ನೆನೆಯುವುದು ಹಿಂದೆ ‘ನನೆ’, ತಮಿಳಿನಲ್ಲಿ ನನೈ. ಮನಸ್ಸು ನೆನೆಯುವುದು ‘ನೆನೆ’, ತಮಿಳಿನಲ್ಲಿ ನಿನೈ. ಎರಡು ಬೇರೆ ಬೇರೆ ಪದ. ನಮ್ಮ ಬಾಯಲ್ಲಿ ‘ನನೆ’ಯ ಮೊದಲ ಅಕ್ಷರ ‘ನೆ’ ಆಗಿ, ಮಳೆಯಲ್ಲಿ ನೆನೆಯುವುದೂ ಊರನ್ನು ನೆನೆಯುವುದೂ ಒಂದಾಯಿತು. ಮಳೆ ಮತ್ತು ನೆನಪನ್ನು ಜೊತೆಗಿಟ್ಟು ಕನ್ನಡದಲ್ಲಿ ಯಾರೇ ಕವಿತೆ ಬರೆಯಲಿ, ಭಾಷೆಯೇ ಅವರಿಗೆ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ.

ಇದುವರೆಗೆ ಹೇಳಿದ್ದು ಮನೆಯೊಳಗಿನ ಕಥೆ. ಹೊರಗಿನಿಂದ ಬಂದ ಪದಗಳೂ ನಮ್ಮ ಪದಗಳ ವೇಷದಲ್ಲೇ ಇರುತ್ತವೆ. ‘ಹರಿ’ಯನ್ನೇ ನೋಡಿ. ನೀರು ಹರಿಯುವುದು ಹಳಗನ್ನಡದ ‘ಪರಿ’. ಬಟ್ಟೆ ಹರಿಯುವುದು ‘ಪಱಿ’. ಇವೆರಡೂ ಕನ್ನಡದವು. ವಿಷ್ಣುವಿನ ಹೆಸರಾದ ಹರಿ ಸಂಸ್ಕೃತದ್ದು. ಸಂಸ್ಕೃತದಲ್ಲೂ ಆ ಒಂದು ಪದಕ್ಕೆ ಅರ್ಥಗಳ ಸಂತೆಯೇ ಇದೆ. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶದ ನಾನಾರ್ಥ ವರ್ಗದಲ್ಲಿ ಹರಿ ಎಂದರೆ ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ. ಹದಿಮೂರು ಆಯಿತು. ಇದರ ಮೇಲೆ ಕಪಿಲ ಬಣ್ಣ ಬೇರೆ. ಮಗಳಿಗೆ ಈ ಪಟ್ಟಿ ಓದಿ ಹೇಳಿ, ಖುಷಿಪಡುತ್ತಾಳೆ. ‘ನಾನಾರ್ಥ’ ಎಂಬ ಪಾಠ ನಮ್ಮ ಶಾಲೆಗಳಿಗೆ ಬಂದದ್ದು ಈ ಹಳೆಯ ಅಭ್ಯಾಸದಿಂದಲೇ.

‘ಕರಿ’ಯದು ಇನ್ನೂ ಸ್ವಾರಸ್ಯ. ಆನೆ ಕಪ್ಪಗಿದೆ, ಅದಕ್ಕೇ ಅದು ಕರಿ ಅಂತ ಎಷ್ಟೋ ಜನ ನಂಬಿದ್ದಾರೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಹಾಗಲ್ಲ. ಕಪ್ಪು ಎಂಬ ಅರ್ಥದ ಕರಿ ಅಚ್ಚಕನ್ನಡದ್ದು. ಆನೆಯ ಕರಿ ಸಂಸ್ಕೃತದ್ದು. ಕರ ಎಂದರೆ ಕೈ, ಆನೆಗೆ ಸೊಂಡಿಲೇ ಕೈ, ಕೈ ಇರುವುದು ಕರಿ. ಬಣ್ಣಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲ. ಹೀಗೇ ಹೊಲದ ‘ಕಳೆ’ ನಮ್ಮದು, ಮುಖದ ‘ಕಳೆ’ ಸಂಸ್ಕೃತದ ಕಲಾ ಎಂಬುದು ಕನ್ನಡಕ್ಕೆ ಬಂದು ಆದದ್ದು. ಹೊಲದಲ್ಲಿ ಕಳೆ ಬಂದರೆ ರೈತನ ಮುಖದ ಕಳೆ ಹೋಗುತ್ತದೆ, ಅಷ್ಟೇ ಅವೆರಡರ ನಂಟು.

ಕೊನೆಯ ಗುಂಪು ಇಂಗ್ಲಿಷಿನಿಂದ ಬಂದದ್ದು. ಬೆಂಗಳೂರಿನ ಬೀದಿಯಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ. ಕನ್ನಡದ ಬಾಯಿ ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಒಂದು ಉಕಾರ ಸೇರಿಸಿಕೊಳ್ಳುತ್ತದೆ. ಹಳಗನ್ನಡದ ಕಾಲ್ ಕಾಲು ಆದದ್ದೂ ಹೀಗೆ, ಬಸ್ ಬಸ್ಸು ಆದದ್ದೂ ಹೀಗೆ. ಆ ಉಕಾರ ಸೇರಿದ ಕೂಡಲೇ ಪರದೇಶದ ಪದ ನಮ್ಮ ಯಾವುದೋ ಹಳೆಯ ಪದಕ್ಕೆ ಅವಳಿಯಾಗಿಬಿಡುತ್ತದೆ. ಓಡಿಸುವ ಕಾರು ಬಂತು, ಆದರೆ ಮಳೆಗಾಲದ ಕಾರು ನಮ್ಮಲ್ಲಿ ಮೊದಲೇ ಇತ್ತು, ಮುಂಗಾರು ಹಿಂಗಾರುಗಳಲ್ಲಿ. ವಿಷ ಕಾರು, ಹೊಗೆ ಕಾರು ಅನ್ನುವುದೂ ಇತ್ತು. ಚಪ್ಪಲಿಯ ಬಾರು ಇತ್ತು, ಆಮೇಲೆ ಕುಡಿಯುವ ಬಾರು ಬಂತು. ಗೇರುಬೀಜದ ಗೇರು ಇತ್ತು, ಗಾಡಿಯ ಗೇರು ಬಂತು. ಇಂಗ್ಲಿಷಿನಲ್ಲಿ ಬೇರೆ ಬೇರೆ ಕಾಗುಣಿತ ಇರುವ ಎರಡು ಪದ ನಮ್ಮಲ್ಲಿ ಒಂದಾಗುವುದೂ ಉಂಟು. ಮನೆ ಕಟ್ಟುವ ಸೈಟು ಒಂದು. ಹುಡುಗರು ಬಸ್‌ಸ್ಟಾಪಿನಲ್ಲಿ ನಿಂತು ‘ಸೈಟ್ ಹೊಡೆಯುವುದು’ ಇನ್ನೊಂದು, ಅದು ನೋಟ ಎಂಬ ಅರ್ಥದ ಪದದಿಂದ ಬಂದದ್ದು.

ನಿಮ್ಮ ಗೆಳತಿಗೆ ಹೇಳಲು ಒಂದು ಘಟನೆ. ಸಂಜೆಯ ಕನ್ನಡ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗ ಬಣ್ಣಗಳ ಹೆಸರು ಕಲಿತ ವಾರ ದರ್ಶಿನಿಗೆ ಹೋಗಿದ್ದ. ಹಾಲಿಲ್ಲದ ಕಾಫಿ ಬೇಕಿತ್ತು. ಕೌಂಟರಿನಲ್ಲಿ ಬಹಳ ಸ್ಪಷ್ಟವಾಗಿ “ಒಂದು ಕಪ್ಪು ಕಾಫಿ ಕೊಡಿ” ಅಂದ. ನೊರೆ ನೊರೆಯಾದ ಹಾಲಿನ ಕಾಫಿ ಬಂತು. “ಸಾರ್, ಕಪ್ಪು ಅಂತ ಹೇಳಿದ್ದೆ” ಅಂದ. ಅಲ್ಲಿದ್ದವರು ಲೋಟ ನೋಡಿ, ಚೀಟಿ ನೋಡಿ, “ಒಂದೇ ಕಪ್ಪು ಕೊಟ್ಟಿರೋದು, ಸರಿಯಾಗಿದೆಯಲ್ಲ” ಅಂದರು. ಇಬ್ಬರ ಕನ್ನಡವೂ ಸರಿಯೇ. ಹುಡುಗ ಮರುದಿನ ನನ್ನನ್ನು ಕೇಳಿದ, ನನ್ನ ತಪ್ಪೇನು ಅಂತ. ನಿನ್ನ ತಪ್ಪೇನೂ ಇಲ್ಲ, ಆದರೆ ಹೋಟೆಲಿನಲ್ಲಿ ಜನ ಅದನ್ನು ‘ಬ್ಲ್ಯಾಕ್ ಕಾಫಿ’ ಅಂತಲೇ ಕರೆಯುತ್ತಾರೆ ಅಂದೆ. ಯಾಕೆ ಹಾಗೆ ಕರೆಯುತ್ತಾರೆ ಅನ್ನುವುದರಲ್ಲೇ ಅವನಿಗೆ ಉತ್ತರ ಇತ್ತು ಅನ್ನಬಹುದು: ಕಾಫಿಯ ಪಕ್ಕದಲ್ಲಿ ‘ಕಪ್ಪು’ ಅಂದರೆ ಅಳತೆ ಅಂತ ಆಗಲೇ ತೀರ್ಮಾನವಾಗಿಬಿಟ್ಟಿದೆ.

ಭಾಷೆ ಹೀಗೇ ತನ್ನ ಗಂಟನ್ನು ತಾನೇ ಬಿಡಿಸಿಕೊಳ್ಳುತ್ತದೆ. ಎರಡು ಪದ ಒಂದೇ ಜಾಗದಲ್ಲಿ ಡಿಕ್ಕಿ ಹೊಡೆದರೆ ಯಾವುದಾದರೂ ಒಂದು ದಾರಿ ಬಿಡುತ್ತದೆ. ನಿಮ್ಮ ಮಗಳ ‘ಕರೆ’ ಪಟ್ಟಿಯನ್ನೇ ಮತ್ತೆ ನೋಡಿ. ಆ ನಾಲ್ಕರಲ್ಲಿ ನಾವು ದಿನಾ ಬಳಸುವುದು ಎಷ್ಟು? ಫೋನ್ ಕರೆ ಇದೆ. ಹಾಲು ಕರೆಯುವುದು ಇದೆ, ಅದೂ ‘ಹಾಲು’ ಎಂಬ ಪದದ ಕೈ ಹಿಡಿದುಕೊಂಡೇ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಅದಕ್ಕೂ ‘ಹಿಂಡು’ ಅನ್ನುತ್ತಾರೆ. ದಡಕ್ಕೆ ದಡ ಅಂತಲೇ ಅನ್ನುತ್ತೇವೆ, ಕಲೆಗೆ ಕಲೆ ಅಂತಲೇ. ಬಾಳು ಎಂಬಲ್ಲಿ ಬದುಕು ಉಳಿದು ಕತ್ತಿ ಹೊರಟುಹೋಯಿತು. ಹಳಗನ್ನಡದಲ್ಲಿ ಕಲ್ಲಿಗೂ ‘ಕಲ್’, ಕಲಿಯುವುದಕ್ಕೂ ‘ಕಲ್’ ಅಂತ ಇತ್ತು. ಒಂದು ‘ಕಲ್ಲು’ ಆಯಿತು, ಇನ್ನೊಂದು ‘ಕಲಿ’ ಆಯಿತು, ಜಗಳ ಮುಗಿಯಿತು.

ದಾರಿ ಬಿಡದೆ ಎರಡೂ ಉಳಿದ ಕಡೆ ಅಕ್ಕಪಕ್ಕದ ಪದಗಳು, ಪದದ ಬಾಲಗಳು ಕಾಪಾಡುತ್ತವೆ. “ಏಳು ಗಂಟೆ ಆಯ್ತು, ಏಳು” ಅಂತ ಬೆಳಿಗ್ಗೆ ನೀವು ಮಗಳನ್ನು ಎಬ್ಬಿಸುವಾಗ ಅವಳಿಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಸಂಖ್ಯೆ ಆದರೆ ಏಳರಲ್ಲಿ, ಏಳಕ್ಕೆ. ಕೆಲಸ ಆದರೆ ಎದ್ದಳು, ಎದ್ದು. ಹಲಸಿನ ತೊಳೆ ತಿಂದು ಕೈ ತೊಳೆ ಅಂದರೂ ಅಷ್ಟೇ.

ಈಗ ಪಟ್ಟಿ ಬರೆಸಿದವರ ಬಗ್ಗೆ ನನ್ನ ಒಂದು ತಕರಾರು. ‘ನಾನಾರ್ಥ’ ಅಂತ ಹೇಳಿ ಎರಡು ಬಗೆಯವನ್ನು ಒಂದೇ ಬುಟ್ಟಿಗೆ ಹಾಕುತ್ತಾರೆ. ಅದು ಸರಿಯಲ್ಲ. ನಿಜವಾಗಿಯೂ ಒಂದೇ ಪದ ಕೊಂಬೆ ಒಡೆದು ಹಲವು ಅರ್ಥ ಪಡೆಯುವುದು ಬೇರೆ ವಿಷಯ. ತಿಂಗಳು ಎಂದರೆ ಚಂದ್ರ, ಚಂದ್ರನ ಒಂದು ಸುತ್ತಿನ ಕಾಲವೂ ತಿಂಗಳು. ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು, ಕಬ್ಬಿನ ಗೆಣ್ಣಿನ ಕಣ್ಣು, ಇಲ್ಲಿ ಇರುವುದು ಒಂದೇ ಕಣ್ಣು. ಇವುಗಳಲ್ಲಿ ಸಂಬಂಧ ಹುಡುಕಿದರೆ ಸಿಗುತ್ತದೆ, ಹುಡುಕಬೇಕು ಕೂಡ. ‘ಕರೆ’ಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ನಿಘಂಟು ಮಾಡುವವರು ಈ ಎರಡನ್ನು ಬೇರೆ ಮಾಡುವುದಕ್ಕೆ ಬಹಳ ಕಷ್ಟಪಡುತ್ತಾರೆ. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ, ಒಂದೇ ರೂಪದ ಬೇರೆ ಬೇರೆ ಪದಗಳಿಗೆ 1, 2, 3 ಅಂತ ಅಂಕಿ ಕೊಟ್ಟು ಬೇರೆ ಬೇರೆ ಕಡೆ ಕೂರಿಸಿದರು. ಒಂದು ಪದದ ಕೊಂಬೆಗಳನ್ನು ಆ ಪದದ ಕೆಳಗೇ ಇಟ್ಟರು. ಆ ಅಂಕಿಗಳನ್ನು ಹಾಕುವ ಮೊದಲು ಒಂದೊಂದು ಪದದ ಹಿಂದೆ ಎಷ್ಟು ದಿನ ಅಲೆಯಬೇಕು ಅಂತ ಆ ಕೆಲಸ ಮಾಡಿದವರಿಗೆ ಗೊತ್ತು. ಶಾಲೆಯ ಪುಸ್ತಕದಲ್ಲೂ ಎರಡು ಬೇರೆ ಪಟ್ಟಿ ಕೊಟ್ಟರೆ ಮಕ್ಕಳಿಗೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಊರಿನ ಹೆಸರುಗಳಿಗೂ ಇದೇ ಲೆಕ್ಕ. ನೀವು ಕೊಟ್ಟ ಎರಡು ಉದಾಹರಣೆ ಎರಡು ಬಗೆಯವು. ತಾವರೆ ಇರುವ ಕೆರೆಯನ್ನು ಕಂಡವರು ಅದಕ್ಕೆ ತಾವರೆಕೆರೆ ಅಂದರು. ಮಡಿವಾಳದ ಹತ್ತಿರ ಒಬ್ಬರು ಅಂದರು, ಮಾಗಡಿ ರಸ್ತೆಯಲ್ಲಿ ಇನ್ನೊಬ್ಬರು ಅಂದರು. ಒಬ್ಬರನ್ನು ನೋಡಿ ಇನ್ನೊಬ್ಬರು ಇಟ್ಟದ್ದಲ್ಲ. ವಿಜಯನಗರ ಹಾಗಲ್ಲ. ಹಂಪಿಯ ವಿಜಯನಗರ ಮೊದಲು, 2021ರಲ್ಲಿ ಆದ ಜಿಲ್ಲೆಗೆ ಅದರದೇ ಹೆಸರು. ನಮ್ಮ ಬೆಂಗಳೂರಿನ ವಿಜಯನಗರದ ಪಕ್ಕದಲ್ಲೇ ಹಂಪಿನಗರವೂ ಇದೆ, ನೆನಪು ಎಲ್ಲಿಯದು ಅಂತ ಬೇರೆ ಹೇಳಬೇಕಾಗಿಲ್ಲ. ತಾವರೆಕೆರೆ ‘ಕರೆ’ಯ ಹಾಗೆ, ವಿಜಯನಗರ ‘ಕಣ್ಣಿ’ನ ಹಾಗೆ.

ಹೆಸರು ಒಂದೇ ಆದಾಗ ನಿಜವಾಗಿ ಕಷ್ಟವಾಗುವುದು ವಿಳಾಸದಲ್ಲಿ. ಮಾತಿಗೆ ಅಕ್ಕಪಕ್ಕದ ಪದ ಸಹಾಯ ಮಾಡುತ್ತದೆ, ವಿಳಾಸಕ್ಕೆ ಆ ಅನುಕೂಲ ಇಲ್ಲ. ನಾನು ಕಾಯುತ್ತಿದ್ದ ಪುಸ್ತಕದ ಕಟ್ಟೊಂದು ಮಡಿವಾಳದ ಕಡೆ ಬರುವ ಬದಲು ಮಾಗಡಿ ರಸ್ತೆಯ ತಾವರೆಕೆರೆಗೆ ಹೋಗಿ ನಾಲ್ಕು ದಿನ ಅಲ್ಲೇ ಕೂತಿತ್ತು. ಕಳಿಸಿದವರು ಪಿನ್ ಕೋಡ್ ಬರೆದಿರಲಿಲ್ಲ. ಒಂದು 560ರಿಂದ ಶುರುವಾಗುತ್ತದೆ, ಇನ್ನೊಂದು 562ರಿಂದ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್ ಕೋಡ್ ತಂದದ್ದಕ್ಕೆ ಒಂದು ದೊಡ್ಡ ಕಾರಣವೇ ಒಂದೇ ಹೆಸರಿನ ಊರುಗಳು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಆಗಿದ್ದರು. ನಾನಾರ್ಥದ ಪಾಠ ಓದಿದವರೇ ಊರುಗಳಿಗೆ ಅಂಕಿ ಕೊಟ್ಟರು ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ. ಕಿಟೆಲ್ ಪದಗಳಿಗೆ ಮಾಡಿದ ಕೆಲಸವನ್ನೇ ಅವರು ಊರುಗಳಿಗೆ ಮಾಡಿದರು.

ಪೇಟೆಯ ಕಡೆ ಹೋದರೆ ತರಗುಪೇಟೆ ಇದೆ. ತರಗು ಎಂದರೆ ಒಣಗಿ ಉದುರಿದ ಎಲೆ, ತರಗೆಲೆ ಅನ್ನುತ್ತೇವೆ. ದವಸಧಾನ್ಯದ ಮಂಡಿಗಳಿರುವ ಬೀದಿಗೆ ಒಣ ಎಲೆಯ ಹೆಸರೇಕೆ? ಅಲ್ಲಿರುವುದು ಬೇರೆ ತರಗು. ಅದಕ್ಕೆ ದಲ್ಲಾಳಿ ವ್ಯಾಪಾರ ಅಂತ ಅರ್ಥ, ಈಗ ಮಾತಿನಲ್ಲಿ ಹೆಚ್ಚು ಕಡಿಮೆ ಸತ್ತುಹೋಗಿದೆ. ಪದ ಹೋದರೂ ಪೇಟೆಯ ಬೋರ್ಡಿನ ಮೇಲೆ ಉಳಿದಿದೆ. ಇತ್ತೀಚಿನ ಮಾತಿಗೆ ಬಂದರೆ, “ಮಗಳು ಪಿ.ಜಿ.ಯಲ್ಲಿದ್ದಾಳೆ” ಅಂದರೆ ಮೇಲಿನ ಓದಿನಲ್ಲಿದ್ದಾಳಾ, ಬಾಡಿಗೆ ಕೋಣೆಯಲ್ಲಿದ್ದಾಳಾ ಅಂತ ಬೆಂಗಳೂರಿನಲ್ಲಿ ಮತ್ತೆ ಕೇಳಲೇಬೇಕು. ಎಷ್ಟೋ ಸಲ ಎರಡೂ ಹೌದು.

ಬೆಂಗಳೂರು ಎಂಬ ಹೆಸರಿಗೂ ಹಲವು ಅರ್ಥ ಹೇಳುತ್ತಾರೆ. ಬೆಣಚುಕಲ್ಲಿನಿಂದ ಅಂತ ಒಬ್ಬರು, ಬೇಂಗೆ ಮರದಿಂದ ಅಂತ ಇನ್ನೊಬ್ಬರು. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟಳು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಮಾತ್ರ ಎಚ್ಚರ ಬೇಕು. ಇದು ಹಲವು ಪದ ಒಂದಾದ ಕಥೆಯಲ್ಲ. ಹೆಸರು ಒಂದೇ, ಹುಟ್ಟೂ ಒಂದೇ, ಉಳಿದವು ಆಮೇಲೆ ಜನ ಕಟ್ಟಿದ ವಿವರಣೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅದು ಸುಮಾರು ಕ್ರಿ.ಶ. 890ರದು. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನು ಬೆಂದಕಾಳು ತಿನ್ನುವ ಮುಂಚೆ ಸುಮಾರು ಮುನ್ನೂರು ವರ್ಷ ಈ ಊರಿಗೆ ಈ ಹೆಸರು ಇತ್ತು.

ಮಗಳಿಗೆ ಹೇಗೆ ಹೇಳುವುದು ಅಂತ ಕೇಳಿದಿರಿ. ಬಾಯಿಪಾಠ ಬಿಡಿಸಿ. ಒಂದೊಂದು ಪದಕ್ಕೂ ಅವಳೇ ವಾಕ್ಯ ಮಾಡಲಿ, ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಬರುವಂತೆ. ಆಮೇಲೆ ಅದೇ ವಾಕ್ಯವನ್ನು ನಿನ್ನೆ ನಡೆದ ಹಾಗೆ ಬದಲಿಸಲಿ. ‘ಏಳು’ ಆಗ ತಾನಾಗಿಯೇ ಎರಡಾಗುತ್ತದೆ. ‘ಹರಿ’ ಆಗುವುದಿಲ್ಲ, ನೀರೂ ಹರಿಯಿತು, ಬಟ್ಟೆಯೂ ಹರಿಯಿತು. ಆಗುವುದಿಲ್ಲ ಅಂತ ಅವಳೇ ಕಂಡುಹಿಡಿದಾಗ ಱ ಅಕ್ಷರವನ್ನು ಬರೆದು ತೋರಿಸಿ. ಮಲಯಾಳಿ, ತಮಿಳು ಮಾತಾಡುವ ಗೆಳತಿಯರು ಕ್ಲಾಸಿನಲ್ಲಿ ಇದ್ದರೆ ಅವರನ್ನೇ ಕೇಳಿಕೊಂಡು ಬರಲಿ, ಅವರಿಗೂ ಖುಷಿ.

ನಿಮ್ಮ ಗೆಳತಿಯಾದರೆ ‘ಕಾರು’ ಪದದಿಂದ ಶುರು ಮಾಡಲಿ. ಜೂನ್ ತಿಂಗಳ ಒಂದು ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತರೆ ಮುಂಗಾರಿನ ಕಾರು, ಮುಂದೆ ನಿಂತ ಕಾರು, ಅದು ಹೊಗೆ ಕಾರುವುದು, ಮೂರೂ ಒಟ್ಟಿಗೇ ಸಿಗುತ್ತವೆ.